ಗಾಡಿ ಎಣಿಸದ ಮಾಮ

ಕಮಲಾಪುರ
ಜುಲೈ 18, 2024

ಪ್ರೀತಿಯ ಮಾಮ,

ಬೂದಿಬೆಟ್ಟದ ರಾಣಿಯ ಪುಸ್ತಕ ಮುಗಿಯಿತು. ಬರೆದವನು ಹಸುಗೂಸನ್ನು ದೂರದಿಂದಲೂ ನೋಡಿದವನಲ್ಲ ಅಂತ ನನ್ನ ಅನುಮಾನ. ಒಂದು ಅಧ್ಯಾಯದ ಕೊನೆಗೆ ರಾಣಿ ಹೆರುತ್ತಾಳೆ, ಮುಂದಿನ ಅಧ್ಯಾಯದ ಶುರುವಿಗೇ ಕುದುರೆ ಹತ್ತಿ ಯುದ್ಧಕ್ಕೆ ಹೋಗುತ್ತಾಳೆ. ನಡುವೆ ಒಂದು ಖಾಲಿ ಪುಟ. ನಾನೀಗ ಆ ಖಾಲಿ ಪುಟದಲ್ಲಿ ಇದ್ದೇನೆ ನೋಡು.

ಕಿವಿಗೆ ಅರಳೆ ತುರುಕಿ, ತಲೆಗೆ ಶಾಲು ಬಿಗಿದು, ಮಂಚದ ಕೆಳಗೆ ಕೆಂಡ ಇಟ್ಟು ಅವ್ವ ನನ್ನನ್ನು ಕೂಡಿಸಿದ್ದಾಳೆ. ಫೋನ್ ಕಸಿದುಕೊಂಡಾಯಿತು. "ಬಾಣಂತಿ ಕಣ್ಣು ಹಸೀ ಮಡಿಕಿ ಇದ್ದಂಗ, ಜರಾ ತಟ್ಟಿದ್ರ ಸೀಳತಾವು" ಅನ್ನುತ್ತಾಳೆ. ಪುಸ್ತಕವನ್ನೂ ಕಸಿಯುತ್ತಿದ್ದಳು, ಆದರೆ ಅವು ಅವಳ ಅಣ್ಣನಾದ ನಿನ್ನ ಮನೆಯಿಂದ ಬರುತ್ತವಲ್ಲ, ಅಣ್ಣನ ಮಾತು ಅವಳು ಮೀರುವವಳಲ್ಲ. ಹೆಂಗೂ ನಿನಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಆ ಕಿವಿಗೆ ಫೋನ್ ಇಟ್ಟರೂ ಒಂದೇ, ಬಾಳೆಕಾಯಿ ಇಟ್ಟರೂ ಒಂದೇ. ಕಾಲೇಜಿನ ದಿನದಿಂದ ನಮ್ಮದು ಕಾಗದದ ಮಾತು. ಜಂಬಮ್ಮ ಬಾಳೆಹಣ್ಣಿನ ಬುಟ್ಟಿ ಹೊತ್ತು ಹೊಸಪೇಟೆ ಮಾರ್ಕೆಟ್ಟಿಗೆ ಹೋಗುವವರೆಗೆ ಕಾಗದ, ಪುಸ್ತಕ ಮುಟ್ಟಿಸುವ ಚಿಂತೆ ನಮಗಿಲ್ಲ.

ಈ ಸಲದ್ದು ಕಡ್ಡಿರಾಂಪುರದ ಯಾವ ಹೋಂಸ್ಟೇಯಿಂದ ಎತ್ತಿಕೊಂಡು ಬಂದೆ? ಪುಟಗಳ ನಡುವೆ ಮರಳು, ಜೊತೆಗೆ ಬಿಸಿಲಿಗೆ ಹಚ್ಚುವ ಕ್ರೀಮಿನ ವಾಸನೆ. ಹಂಪಿ ನೋಡಲು ಬಂದ ಪರದೇಶದವರು ಇಷ್ಟು ದಪ್ಪ ಪುಸ್ತಕ ತಂದು ಇಲ್ಲೇ ಬಿಟ್ಟು ಹೋಗುವುದು ಯಾಕೆ? ಮುಗಿದದ್ದಕ್ಕೋ, ಮುಗಿಯಲಾರದ್ದಕ್ಕೋ? ಇದರ ಮೇಲೂ ನನಗೆ ಅನುಮಾನ.

ಈಗ ಎಲ್ಲದರ ಮೇಲೂ ಅನುಮಾನ ಮಾಮ. ಕೂಸು ಅತ್ತರೆ ಯಾಕೆ ಅಳುತ್ತದೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ. ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ನರ್ಸು ಕೊಟ್ಟ ಹನಿ ಔಷಧಿಯ ಮುಚ್ಚಳ ಸಡಿಲ ಇತ್ತು, ಚೆಲ್ಲಿಬಿಟ್ಟೆ. ನಿದ್ದೆ ಅನ್ನುವುದು ಯಾವುದೋ ಊರು, ಆ ಊರಿಗೆ ಬಸ್ಸಿಲ್ಲ.

ಶ್ರಾವಣದಲ್ಲಿ ತೊಟ್ಟಿಲು. ನನಗೆ ಅಣ್ಣತಮ್ಮಂದಿರಿಲ್ಲ. ಕೂಸಿಗೆ ಸೋದರಮಾವ ಮಾಡುವ ಶಾಸ್ತ್ರವೂ ನಿನ್ನದೇ. ತಪ್ಪಿಸಿದರೆ ನೋಡು.

ನಿದ್ದೆಗೆಟ್ಟ ನಿನ್ನ
ಶಿಲ್ಪಾ


ಹೊಸಪೇಟೆ
ಜುಲೈ 24, 2024

ಬಾಣಂತಮ್ಮನಿಗೆ ಕಿವುಡ ಮಾಮನ ಆಶೀರ್ವಾದ.

ಕೈ ನಡುಗುವುದು ನಿಂತಿಲ್ಲ. ಎಂದಿನಂತೆ ನಾನು ಹೇಳುವುದು, ನಿನ್ನ ಹೇಮತ್ತೆ ಬರೆಯುವುದು. "ಜಲ್ದಿ ಹೇಳ್ರಿ, ಒಲಿ ಮ್ಯಾಲ ಸಾರೈತಿ" ಅಂತ ಕಿವಿಗೇ ಕೂಗುತ್ತಿದ್ದಾಳೆ. ಅದನ್ನೂ ಬರಿ ಅಂದೆ, ಬರೆದಳು.

ಬಾಣಂತಿಯ ವಿಷಯ ನನಗೆ ತಿಳಿಯದು. ನೀನು ಹೇಳಿದ ಮೇಲೆ ಸರಿಯೇ ಇರಬೇಕು. ನನ್ನ ತಕರಾರು ಆ ಕುದುರೆಯದು. ಬೂದಿಬೆಟ್ಟದಲ್ಲಿ ಹುಲ್ಲು ಬೆಳೆಯುತ್ತದೇನು? ಲಕ್ಷ ಜನರ ಸೈನ್ಯ ಬೆಟ್ಟ ಏರಿತಂತೆ. ಜೋಳ ಎಷ್ಟು ಗಾಡಿ? ಎತ್ತು ಎಷ್ಟು? ಆ ಎತ್ತಿಗೆ ಮೇವು ಹೊರುವ ಗಾಡಿ ಬೇರೆ ಬೇಕಲ್ಲ, ಅದರ ಎತ್ತಿಗೆ? ಸಂಡೂರಿನ ಲಾರಿ ಬುಕಿಂಗ್ ಆಫೀಸಿನಲ್ಲಿ ಜನ್ಮ ಸವೆಸಿದವನಿಗೆ ಇಂಥ ಕಥೆ ಹೇಳಬಾರದು. ಅದಿರಿನ ಒಂದು ಲಾರಿ ಪಂಕ್ಚರ್ ಆದರೆ ಹಿಂದಿನದೆಲ್ಲ ಯಾವ ಊರಿನ ತನಕ ನಿಲ್ಲುತ್ತಿತ್ತು ಅಂತ ನಾನು ಕಂಡಿದ್ದೇನೆ. ಈ ಲೇಖಕರಿಗೆ ಬೆಂಕಿ ಉಗುಳುವ ಹಾವನ್ನು ಹಾರಿಸಲು ಬರುತ್ತದೆ, ಒಂದು ಚೀಲ ಉಪ್ಪನ್ನು ಊರಿನಿಂದ ಊರಿಗೆ ಮುಟ್ಟಿಸಲು ಬರುವುದಿಲ್ಲ.

ಆದರೂ ಓದಿದೆ. ಯಾಕೆ ಓದುತ್ತೇನೋ! ಬಯ್ಯುವುದಕ್ಕೆ ಇದಕ್ಕಿಂತ ಒಳ್ಳೇ ವಸ್ತು ಇಲ್ಲ.

ಗಾಜಿನ ಕುದುರೆಯ ಪುಸ್ತಕ ಕಳಿಸಿದ್ದೇನೆ. ನಾನಿನ್ನೂ ಓದಿಲ್ಲ. ಮೊದಲು ನೀನು ಓದಿ ಕಳಿಸು, ಆಮೇಲೆ ಇಬ್ಬರೂ ಬಯ್ಯೋಣ. ತೊಟ್ಟಿಲಿಗೆ ಬಾರದೇ ಇರುತ್ತೇನೆಯೇ!

ನಿನ್ನ
ಶಂಭುಲಿಂಗ ಮಾಮ


ಹೊಸಪೇಟೆ
ಆಗಸ್ಟ್ 24, 2024

ಶಿಲ್ಪಾಗೆ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮೊಣಕಾಲು ಹಿಡಿದುಕೊಂಡು ತೊಟ್ಟಿಲಿಗೂ ಬರಲಾಗಲಿಲ್ಲ. ಕೂಸಿಗೆ ಪಂಪಾವತಿ ಅಂತ ಹೆಸರಿಟ್ಟಿರಂತೆ, ಚೆನ್ನಾಗಿದೆ.

ಗಾಜಿನ ಕುದುರೆಯ ಪುಸ್ತಕ ಓದಿ ಮುಗಿಯಿತು. ನಿನಗೆ ನಡುವೆ ಬೇಸರ ಬಂತು ಅಂದೆ. ನನಗೆ ಬರಲಿಲ್ಲ. ಶಾಪ ತಗುಲಿ ರಾಜಕುಮಾರ ಗಾಜಿನ ಕುದುರೆಯಾಗಿ ಅಂಗಳದಲ್ಲಿ ನಿಂತುಬಿಡುತ್ತಾನೆ. ಮಳೆ ಬರುತ್ತದೆ, ಬಿರುಗಾಳಿ ಬೀಸುತ್ತದೆ, ರಾಜ್ಯಗಳು ಬೀಳುತ್ತವೆ. ಶಾಪ ಕಳೆಯುವ ದಿನವೂ ಅವನು ಫಳಫಳ ಹೊಳೆಯುತ್ತಿರುತ್ತಾನೆ. ಹಾಗಾದರೆ ಅಷ್ಟು ವರ್ಷ ಯಾರೋ ದಿನಾ ಒರೆಸಿದ್ದಾರೆ. ಪುಸ್ತಕ ಅವರ ಹೆಸರು ಹೇಳುವುದಿಲ್ಲ. ಓದುವಾಗ ನನ್ನ ಕಣ್ಣು ರಾಜಕುಮಾರನ ಮೇಲೆ ಇರಲಿಲ್ಲ, ಆ ಒರೆಸುವ ಬಟ್ಟೆಯ ಮೇಲಿತ್ತು.

ಸೊಂಟ ನೋವು ಅಂತ ಬರೆದಿದ್ದೆ. ಹಳೇ ಮೆತ್ತನೆ ಸೀರೆಯನ್ನು ಹೊಟ್ಟೆಗೆ ಸುತ್ತಿಕೊ, ಮಲಗಿಕೊಂಡೇ ಸುತ್ತಿಕೊಳ್ಳಬೇಕು, ನಿಂತು ಅಲ್ಲ. ಊಟ ಬಿಡಬೇಡ.

ನಿನ್ನ
ಶಂಭುಲಿಂಗ ಮಾಮ


ಕಮಲಾಪುರ
ಆಗಸ್ಟ್ 30, 2024

ಮಾಮ,

ನಿನಗೆ ಏನಾಗಿದೆ?

ಗಾಜಿನ ಕುದುರೆಯ ಪುಸ್ತಕದಲ್ಲಿ ಮದುವೆ ದಿಬ್ಬಣ ಸಮುದ್ರ ದಾಟುವಾಗ ಏಳುನೂರು ಆನೆ ಒಂದೇ ಹಡಗಿನಲ್ಲಿ ಬರುತ್ತವೆ. ಆ ಪುಟಕ್ಕೆ ಬಂದಾಗ ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಒಬ್ಬಳೇ ನಕ್ಕೆ, ಮಾಮ ಇದನ್ನು ಹರಿದು ಹಾಕುತ್ತಾನೆ ಅಂತ. ನಿನ್ನ ಕಾಗದದಲ್ಲಿ ಒಂದು ಆನೆಯೂ ಇಲ್ಲ. ಗಾಡಿಯಿಲ್ಲ, ಮೇವಿಲ್ಲ. ಒರೆಸುವ ಬಟ್ಟೆ ಇದೆ! ಬಾಣಂತಿ ವಿಷಯ ತಿಳಿಯದು ಅಂದವನು ಸೀರೆಯನ್ನು ಮಲಗಿ ಸುತ್ತಬೇಕು, ನಿಂತು ಅಲ್ಲ ಅಂತ ಹೇಳುತ್ತಿದ್ದೀಯ.

ಅಕ್ಷರ ಹೇಮತ್ತೆಯದೇ, ಯಾವತ್ತಿನಂತೆ. ಆದರೆ ಮಾತು ನಿನ್ನದಲ್ಲ.

ಇಲ್ಲಿಯೂ ಏನೋ ಸರಿಯಿಲ್ಲ. ಜುಲೈ ಕೊನೆಗೆ ಅವ್ವ ಒಮ್ಮಿಂದೊಮ್ಮೆಲೇ ಚೋರನೂರಿಗೆ ಮದುವೆಗೆ ಅಂತ ಹೊರಟಳು, ನನ್ನನ್ನೂ ಕೂಸನ್ನೂ ಜಂಬಮ್ಮನ ಕೈಗೆ ಬಿಟ್ಟು. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ ಮಾಮ? ಇದು ನನಗೆ ಹೊಳೆದದ್ದೇ ಅವಳು ಬಂದ ಎಷ್ಟೋ ದಿನದ ಮೇಲೆ. ಕೇಳಿದರೆ, "ಅವ್ರ ಕಡೆ ಆಷಾಢ ನೋಡಂಗಿಲ್ಲ" ಅಂದಳು. ಬಂದಾಗಿನಿಂದ ಅವಳ ಕಣ್ಣು ಕೆಂಪು. ಕೂಸಿಗೆ ಸಾಂಬ್ರಾಣಿ ಹಾಕುವಾಗ ಬಗ್ಗಿ ಬಗ್ಗಿ ಹೊಗೆಯಲ್ಲೇ ಮುಖ ಇಡುತ್ತಾಳೆ. ಜಂಬಮ್ಮ ಮೊದಲು ಒಳಗೆ ಬಂದು ಕೂತು ಕೂಸಿಗೆ, "ಏನಲೇ ಗುಂಡಮ್ಮ, ನಿಮ್ಮವ್ವನ್ನ ಮಲಗಾಕ ಬಿಡವಲ್ಲೆ ಅಂತೀ?" ಅಂತ ಜಗಳ ತೆಗೆಯುತ್ತಿದ್ದಳು. ಈಗ ಚೀಲವನ್ನು ಹೊಸ್ತಿಲ ಹೊರಗಿಟ್ಟು, "ಬಸ್ಸು ಬಂತವ್ವ" ಅಂತ ಓಡುತ್ತಾಳೆ. ಅರಳೆ ತೆಗೆದ ಕೂಡಲೇ ಅಡಿಗೆ ಮನೆಯ ಮಾತು ನಿಲ್ಲುತ್ತದೆ.

ಭಾನುವಾರ ನಮ್ಮ ಯಜಮಾನರು ಕಂಪ್ಲಿಯಿಂದ ಬಂದಿದ್ದರು. ಹೇಳಿದೆ. ಲಿಂಗರಾಜ್ ತಮ್ಮ ಅಕ್ಕಿ ಗಿರಣಿಯ ಸದ್ದಿನಲ್ಲಿ ನಿಂತಂತೆ ನಿಂತು ಕೇಳಿದರು, ಅಂದರೆ ಕೇಳಲಿಲ್ಲ.

"ಮಾಮನ ಕಾಗದ ಮಾಮನ್ದಲ್ಲ ಅಂದ್ರ ಏನು ಶಿಲ್ಪಾ? ಹೆಸ್ರೈತಿ, ಅಕ್ಷರೈತಿ."

"ಆನೆ ಬಿಟ್ಟಾನ್ರೀ ಅವ್ನು! ಏಳ್ನೂರು ಆನೆ!"

ಅವರು ಅವ್ವನ ಮುಖ ನೋಡಿದರು, ಅವ್ವ ಅವರ ಮುಖ ನೋಡಿದಳು. ನಾನು ಕೂಸಿನ ಮುಖ ನೋಡಿದೆ, ಬೇರೆ ಇನ್ಯಾರ ಮುಖವೂ ನೋಡುವಂತೆ ಇರಲಿಲ್ಲ. ಹೊರಗೆ ಅವ್ವ ಹೇಳಿದ್ದು ಅರಳೆ ದಾಟಿ ಕೇಳಿಸಿತು: "ಸನ್ನಿ ಲಕ್ಷಣ ಇದು ಅಳಿಯಪ್ಪ. ನಿದ್ದಿ ಇಲ್ಲ, ಮ್ಯಾಲ ಈ ದೆವ್ವದ ಪುಸ್ತಕ. ಕೂಸನ್ನ ನಾ ನನ್ನ ಹತ್ರ ಮಲಗಿಸ್ಕೊಂತೀನಿ, ಹಾಲಿಗಷ್ಟ ಕೊಡ್ತೀನಿ."

ಗೊತ್ತಾಯಿತಾ ಮಾಮ? ನನ್ನ ಅನುಮಾನ ಸುಳ್ಳಾದರೆ ನನಗೆ ಸನ್ನಿ, ಕೂಸನ್ನು ನನ್ನ ಮಗ್ಗುಲಿನಿಂದ ಎತ್ತಿಕೊಂಡು ಹೋಗುತ್ತಾರೆ. ನಿಜವಾದರೆ ನಿನಗೆ ಏನೋ ಆಗಿದೆ.

ನನ್ನ ಹಳೇ ಟ್ರಂಕಿನಲ್ಲಿ ಸಿಕ್ಕ ಮರಳುಗಾಡಿನ ಪುಸ್ತಕ ಕಳಿಸುತ್ತಿದ್ದೇನೆ. ಓದಿ ನಿನಗೆ ಏನನ್ನಿಸಿತು ಬರಿ. ನೀನೇ ಬರಿ.

ಶಿಲ್ಪಾ


ಹೊಸಪೇಟೆ
ಸೆಪ್ಟೆಂಬರ್ 12, 2024

ಶಿಲ್ಪಾಗೆ ಆಶೀರ್ವಾದ.

ನನಗೇನೂ ಆಗಿಲ್ಲ. ವಯಸ್ಸಾದ ಮೇಲೆ ಮನುಷ್ಯನ ರುಚಿ ಬದಲಾಗುತ್ತದೆ, ಅಷ್ಟೇ. ನಿಮ್ಮ ಅವ್ವನ ಮೇಲೆ ಸಿಟ್ಟು ಮಾಡಬೇಡ.

ಮರಳುಗಾಡಿನ ಪುಸ್ತಕ ಓದಿದೆ. ಆ ಮಾಯದ ಕತ್ತಿ, ಮಾತಾಡುವ ನಕ್ಷತ್ರ, ಅವೆಲ್ಲ ಮರೆತುಹೋದವು. ಬಾವಿಯ ಹತ್ತಿರ ಬಿಟ್ಟುಹೋಗುವ ಆ ಮುದುಕಿ ಮಾತ್ರ ಹೋಗಲಿಲ್ಲ. ನಡೆಯಲಾರಳು ಅಂತ ಬಿಟ್ಟು ಎಲ್ಲರೂ ಮುಂದೆ ಸಾಗುತ್ತಾರೆ. ಲೇಖಕನೂ ಒಂದು ಸಾಲು ಬರೆದು ಅವರ ಹಿಂದೆಯೇ ಹೋಗಿಬಿಡುತ್ತಾನೆ. ನನಗೆ ಹೋಗಲಾಗಲಿಲ್ಲ. ಅಲ್ಲೇ ಕೂತೆ.

ಎಲ್ಲರೂ ಕಣ್ಣಿಗೆ ಮರೆಯಾದ ಮೇಲೆ ಅವಳು ಮೊದಲು ಏನು ಮಾಡಿರಬೇಕು? ಅತ್ತಿರಲಿಕ್ಕಿಲ್ಲ. ಹರಡಿದ ಪಾತ್ರೆ ಎತ್ತಿಟ್ಟಿರಬೇಕು. ಒಬ್ಬಳಿಗೆ ಎಷ್ಟು ಅಕ್ಕಿ ಅಂತ ಕೈಗೆ ತಿಳಿದಿರುವುದಿಲ್ಲ. ಇಬ್ಬರಿಗಾಗುವಷ್ಟು ಹಾಕಿ, ಬೆಂದ ಮೇಲೆ ನೋಡಿಕೊಂಡಿರಬೇಕು.

ಪುಸ್ತಕ ಒಳ್ಳೆಯದಲ್ಲ. ಆದರೆ ಆ ಬಾವಿ ಒಳ್ಳೆಯದು.

ನಿನ್ನ
ಶಂಭುಲಿಂಗ ಮಾಮ


ಕಮಲಾಪುರ
ಸೆಪ್ಟೆಂಬರ್ 16, 2024

ಹೇಮತ್ತೆ,

ಈ ಕಾಗದ ಮಾಮನಿಗೆ ಅಲ್ಲ, ನಿಮಗೆ.

ಆ ಪುಸ್ತಕವನ್ನು ಬೇಕಂತಲೇ ಕಳಿಸಿದ್ದೆ. ಹತ್ತು ಸಾವಿರ ಜನ, ಸಾವಿರ ಒಂಟೆ, ಮರಳುಗಾಡು ದಾಟುತ್ತಾರೆ, ನೀರು ಹೊತ್ತ ಒಂದೇ ಒಂದು ಗಾಡಿಯ ಮಾತು ಇಡೀ ಪುಸ್ತಕದಲ್ಲಿಲ್ಲ. ಕಾಲೇಜಿನಲ್ಲಿ ಓದುವಾಗಲೇ ಇದನ್ನು ಮಾಮನಿಗೆ ಕೊಡಬಾರದು, ರಕ್ತದೊತ್ತಡ ಏರುತ್ತದೆ ಅಂತ ಟ್ರಂಕಿಗೆ ಹಾಕಿದ್ದೆ. ಅವನು ಇದ್ದಿದ್ದರೆ, ಜ್ವರ ಬಂದು ಮಲಗಿದ್ದರೂ, ಎದ್ದು ಕೂತು ಆ ನೀರಿನ ಲೆಕ್ಕ ಕೇಳುತ್ತಿದ್ದ. ಕೇಳಲಿಲ್ಲ.

ಆ ಮುದುಕಿಯ ವಿಷಯ ಓದಿ ನಾನು ಅತ್ತುಬಿಟ್ಟೆ. ನಿಮಗೆ ನಿಜ ಹೇಳುತ್ತೇನೆ, ಇಷ್ಟು ವರ್ಷದಲ್ಲಿ ಆ ಮನೆಯಿಂದ ಬಂದ ಕಾಗದಗಳಲ್ಲಿ ಅಷ್ಟು ಒಳ್ಳೆಯದು ಯಾವುದೂ ಇರಲಿಲ್ಲ. ಓದುತ್ತಲೇ, ಇದನ್ನು ಬರೆದವರು ಯಾರು ಅಂತ ಮತ್ತೆ ಮೊದಲಿನಿಂದ ಓದಿದೆ. ಇಬ್ಬರಿಗಾಗುವಷ್ಟು ಅಕ್ಕಿ ಹಾಕಿದವರು ಯಾರು ಅತ್ತೆ?

ನಿನ್ನೆಯಿಂದ ಕೂಸಿನ ಹಾಸಿಗೆ ಅವ್ವನ ಕೋಣೆಗೆ ಹೋಗಿದೆ. ಗುರುವಾರ ಯಾರೋ ತಾಯತ ಕಟ್ಟುವವರು ಬರುತ್ತಾರಂತೆ. ನನಗೆ ತಲೆ ಕೆಟ್ಟಿದೆಯೋ ಇಲ್ಲವೋ ಅನ್ನುವುದು ಈಗ ನಿಮ್ಮ ಕೈಯಲ್ಲಿದೆ. ಹೌದು ಅನ್ನಿ, ಇಲ್ಲ ಅನ್ನಿ. ಮೊಣಕಾಲು ಅನ್ನಬೇಡಿ.

ಮಾಮ ಇದ್ದಾನಾ?

ಶಿಲ್ಪಾ


ಹೊಸಪೇಟೆ
ಸೆಪ್ಟೆಂಬರ್ 17, 2024

ಶಿಲ್ಪಾ, ನನ್ನವ್ವ,

ಇಲ್ಲ.

ನಿನ್ನ ತಲೆ ಸರಿಯಿದೆ. ನಮ್ಮೆಲ್ಲರದ್ದಕ್ಕಿಂತ ಸರಿಯಿದೆ. ಮೊದಲು ಇದನ್ನು ಓದಿಕೊ, ಆಮೇಲೆ ಮಿಕ್ಕದ್ದು.

ಆಷಾಢ ಮುಗಿಯುವ ಮುಂಚೆ, ಮಧ್ಯಾಹ್ನ ಊಟಕ್ಕೆ ಕೂತವರು ಗೋಡೆಗೆ ಒರಗಿದರು. ಕರೆದೆ. ಮೊದಲೇ ಕಿವಿ ಕೇಳದವರು, ಕೇಳಿಸಿಲ್ಲ ಅಂದುಕೊಂಡು ಇನ್ನೂ ಜೋರಾಗಿ ಕರೆದೆ. ಪಕ್ಕದ ಮನೆಯವರು ಓಡಿಬಂದ ಮೇಲೆ ನನಗೆ ಗೊತ್ತಾದದ್ದು.

ನಿಮ್ಮವ್ವ ಬಂದು ಅಣ್ಣನ ಕಾಲು ಹಿಡಿದುಕೊಂಡು ಕೂತಳು. ಎಲ್ಲ ಮುಗಿದ ಮೇಲೆ ನನ್ನ ಕೈ ಹಿಡಿದಳು. "ಅತ್ತಿಗೆಮ್ಮ, ಹಾಲೂಡ್ಸೋ ಬಾಣಂತಿಗೆ ಸಾವಿನ ಸುದ್ದಿ ಮುಟ್ಟಿಸಬಾರ್ದು. ಹಾಲು ಬತ್ತತೈತಿ, ಸನ್ನಿ ಆಗತೈತಿ. ಐದು ತಿಂಗಳು ತುಂಬ್ಲಿ, ನಾನ ಹೇಳ್ತೀನಿ. ಅಲ್ಲೀ ತನ ಆಕಿ ಮಾಮ ಇದ್ದಾನ" ಅಂದಳು. ಗಂಡ ಹೋದವಳು ನಾನು, ಆದರೂ ಅವಳ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಇದರಲ್ಲಿ ಮೋಸ ಇಲ್ಲ ಶಿಲ್ಪಾ, ಭಯ ಇದೆ. ಲಿಂಗರಾಜಪ್ಪನಿಗೂ ಗೊತ್ತು. ಅವರನ್ನೂ ಬಯ್ಯಬೇಡ.

ನಿನ್ನ ಕಾಗದ ಬಂತು, ಗಾಜಿನ ಕುದುರೆಯ ಪುಸ್ತಕದ ಜೊತೆ. ಉತ್ತರ ಬರೆಯಬೇಕಲ್ಲ. ಇಷ್ಟು ವರ್ಷ ಅವರು ಹೇಳಿದ್ದನ್ನು ಬರೆದವಳು, ಒಂದು ಪುಸ್ತಕವನ್ನೂ ಓದಿದವಳಲ್ಲ. ಪಿಯುಸಿ ಇಂಗ್ಲಿಷು ತುಕ್ಕು ಹಿಡಿದಿತ್ತು. ಅವರ ಡಿಕ್ಷನರಿ ತೊಡೆಯ ಮೇಲೆ ಇಟ್ಟುಕೊಂಡು, ಅವರ ಕನ್ನಡಕ ಹಾಕಿಕೊಂಡು ಓದಲು ಕೂತೆ. ಅದಕ್ಕೇ ತಡವಾದದ್ದು. ಗಾಡಿ ಹುಡುಕೋಣ ಅಂತಲೇ ಶುರು ಮಾಡಿದೆ, ಅವರ ಹಾಗೆ ಬರೆಯಬೇಕಲ್ಲ. ಆದರೆ ಪುಟ ತಿರುಗಿಸಿದಂತೆ ಗಾಡಿ ಮರೆತೇ ಹೋಗುತ್ತಿತ್ತು. ಆ ಏಳುನೂರು ಆನೆಗಳ ಪುಟದಲ್ಲಿ ನಾನೂ ಇದ್ದೆ, ಸಮುದ್ರ ನೋಡುತ್ತಿದ್ದೆ. ನಾನು ಸಮುದ್ರ ನೋಡಿಲ್ಲ.

ಓದುವಾಗ ಅವರ ಜೊತೆ ಜಗಳವಾಡುತ್ತೇನೆ. "ಜೋಳ ಬಿಡ್ರಿ, ಆ ಹುಡುಗಿ ಮಾರಿ ನೋಡ್ರಿ ಜರಾ" ಅನ್ನುತ್ತೇನೆ. ಅವರಿದ್ದಾಗ ಒಂದು ದಿನವೂ ಅಂದವಳಲ್ಲ. ಈ ಮನೆಯಲ್ಲಿ ಈಗ ಮಾತಿಗೆ ಅದೊಂದೇ ಇದೆ. ನಿನಗೆ ಮೋಸ ಮಾಡಲು ಅಂತ ಓದಲು ಹೋಗಿ, ನಾನು ದಿನ ದೂಡಿದೆ.

ಈಗ ನಿನಗೆ ಏನಾದರೂ ಆದರೆ ನಿಮ್ಮವ್ವ ವಿರುಪಮ್ಮ ನನ್ನ ಮುಖ ನೋಡುವುದಿಲ್ಲ. ಆದರೂ ಬರೆದೆ. ಕೂಸನ್ನು ನಿನ್ನಿಂದ ಎತ್ತಿಕೊಂಡ ಮೇಲೆ ನಾನು ಸುಮ್ಮನಿರಲಾರೆ.

ನಿನ್ನ ಹೇಮತ್ತೆ


ಕಮಲಾಪುರ
ಸೆಪ್ಟೆಂಬರ್ 20, 2024

ಹೇಮತ್ತೆ,

ಜಂಬಮ್ಮ ನಿಮ್ಮ ಕಾಗದ ಹೊಸ್ತಿಲಲ್ಲಿ ಇಟ್ಟು ಹೋಗಲಿಲ್ಲ. ಕೈಗೇ ಕೊಟ್ಟು ಅಲ್ಲೇ ನಿಂತಳು. ಈ ಸಲ ಒಳಗೆ ನಿಜ ಇದೆ ಅಂತ ಅವಳಿಗೆ ನಿಮ್ಮ ಮುಖ ನೋಡಿಯೇ ತಿಳಿದಿತ್ತಂತೆ.

ಓದಿ ಮುಗಿಸಿ ನಾನು ಮೊದಲು ಕೂಸನ್ನು ಅವ್ವನ ಕೋಣೆಯಿಂದ ಎತ್ತಿಕೊಂಡೆ. ಅಳಲು ಆಗಲಿಲ್ಲ. ಕೂಸಿಗೆ ಹಾಲು ಕೊಡುತ್ತಾ ಅಡಿಗೆ ಮನೆಯ ಬಾಗಿಲಿಗೆ ಒರಗಿ ಕೂತೆ. ಅವ್ವ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಅವ್ವಾ, ಮಾಮ ಹೋದದ್ದು ಗೊತ್ತಾತು."

ಅವಳು ನನ್ನ ಮುಖ ನೋಡಲಿಲ್ಲ ಅತ್ತೆ. ಕೂಸಿನ ಬಾಯಿ ನೋಡಿದಳು.

"ಕುಡಿಯಾಕ್ಹತ್ತೈತೇನು?"

"ಕುಡಿಯಾಕ್ಹತ್ತೈತಿ."

"ನೆಟ್ಟಗ ನೋಡು. ಸುಮ್ನ ಚೀಪತೈತೋ ಏನೋ."

"ಗುಟುಕು ಕೇಳತೈತಿ ಅವ್ವಾ. ಬಾ, ಕೇಳು."

ಎದ್ದು ಬಂದು, ಬಗ್ಗಿ, ಕೂಸಿನ ಗಂಟಲ ಹತ್ತಿರ ಕಿವಿ ಇಟ್ಟಳು. ಇಟ್ಟ ಕಿವಿ ತೆಗೆಯದೆ ಹಾಗೇ ಕುಸಿದಳು. ಆಮೇಲೆ ಅವಳ ಬಾಯಿಂದ ಬಂದ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಷ್ಟು ದಿನದ್ದನ್ನೆಲ್ಲ ಹೊಗೆಯಲ್ಲಿ ಮುಚ್ಚಿಟ್ಟಿದ್ದಳು. "ಅಣ್ಣಾ, ನಿನ್ನ ಹೆಸರು ಹಿಡಿದು ಅಳಾಕ ನನಗ ಮನಿ ಇಲ್ಲದಂಗಾತಲ್ಲೋ" ಅಂತ ಹಾಡಿಕೊಂಡು ಅತ್ತಳು. ಜಂಬಮ್ಮ ಬುಟ್ಟಿ ಅಂಗಳದಲ್ಲಿ ಇಳಿಸಿ ಒಳಗೆ ಬಂದು ಅವಳ ಹೆಗಲು ಹಿಡಿದು ದನಿಗೂಡಿಸಿದಳು. ಆಗ ನನಗೂ ಅಳು ಬಂತು. ಕೂಸು ಮಾತ್ರ ಯಾರನ್ನೂ ಲೆಕ್ಕಿಸದೆ ಕುಡಿಯುತ್ತಿತ್ತು.

ಆಮೇಲೆ ನಾನು ಮಲಗಿದೆನಂತೆ. ಆ ಗಲಾಟೆಯ ನಡುವೆ, ಬಾಗಿಲಿಗೆ ಒರಗಿದ ಹಾಗೇ. ಎದ್ದಾಗ ಕಿವಿಯ ಅರಳೆ ಯಾರೋ ತೆಗೆದಿದ್ದರು.

ತಾಯತದವರನ್ನು ಜಂಬಮ್ಮ ಬಾಗಿಲಿನಿಂದಲೇ ವಾಪಸು ಕಳಿಸಿದಳು. ಇವರು ಕಂಪ್ಲಿಯಿಂದ ಬಂದು ಕಂಬಕ್ಕೆ ಆತು ನಿಂತಿದ್ದಾರೆ, ನನಗೆ ಇನ್ನೂ ಸಿಟ್ಟಿದೆ, ನಿಲ್ಲಲಿ. ಅವ್ವ ನಿಮ್ಮ ಮುಖ ನೋಡುವುದಿಲ್ಲ ಅಂದಿರಿ. ಸೋಮವಾರ ಕೂಸನ್ನು ಎತ್ತಿಕೊಂಡು ನಾವೆಲ್ಲ ಅಲ್ಲಿಗೇ ಬರುತ್ತಿದ್ದೇವೆ. ಅಕ್ಕಿ ಜಾಸ್ತಿಯೇ ಹಾಕಿ. ಪುಸ್ತಕ ಕಳಿಸುವುದನ್ನು ನಿಲ್ಲಿಸಬೇಡಿ, ಓದದೆ ಕಳಿಸಬೇಡಿ.

ಇಷ್ಟು ಬರೆಯುವಾಗ ಅವ್ವ ಪಕ್ಕದಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಮೂಗು ಒರೆಸಿಕೊಳ್ಳುತ್ತಾ ಅದಕ್ಕೆ ಮಾಮನ ಕಥೆ ಹೇಳುತ್ತಿದ್ದಾಳೆ. ಸಣ್ಣವರಿದ್ದಾಗ ಇಬ್ಬರೂ ಬಾಳೆತೋಟದ ಬದುವಿನಲ್ಲಿ ಬರುತ್ತಿದ್ದರಂತೆ, ಗುಡ್ಡದ ಕರಡಿ ಎದುರಿಗೆ ಬಂದು ಎರಡು ಕಾಲ ಮೇಲೆ ನಿಂತಿತಂತೆ. ಮಾಮ ತಂಗಿಯನ್ನು ಹಿಂದಕ್ಕೆ ಸರಿಸಿ, ಕೈಯಲ್ಲಿದ್ದ ಹರಕು ಕೊಡೆಯನ್ನು ಪಟ್ ಅಂತ ಬಿಚ್ಚಿದನಂತೆ. ಕರಡಿ ಕೊಡೆ ನೋಡಿತಂತೆ, ಮಾಮನನ್ನು ನೋಡಿತಂತೆ, ಕೈ ಮುಗಿದು ತಿರುಗಿ ಹೋಯಿತಂತೆ.

ಕೈ ಮುಗಿಯಿತಂತೆ ಅತ್ತೆ! ನಾನು ಒಂದು ಅಕ್ಷರವನ್ನೂ ನಂಬಲಿಲ್ಲ.

ಪೆನ್ನು ಕೆಳಗಿಟ್ಟು, "ಆಮ್ಯಾಲ?" ಅಂದೆ.

ನಿಮ್ಮ
ಶಿಲ್ಪಾ